ಅಜ್ಜನ ಆಧಾರ

ಜಾಗದ ಕೆಲಸಕ್ಕೆಂದು ಮೊನ್ನೆ ಒಂದು ಕಚೇರಿಗೆ ಹೊರಟಿದ್ದೆ. ಶಾಲೆಗೆ ರಜೆ, ಅಕ್ಕನ ಮಗನೂ ಜೊತೆಗೆ ಬಂದ. "ಅಜ್ಜನ ಆಧಾರ ತೆಗೆದುಕೊಂಡ್ಯಾ?" ಎಂದು ಅಮ್ಮ ಕೇಳಿದ್ದೇ ತಡ, "ಅಜ್ಜನಿಗೂ ಆಧಾರ್ ಕಾರ್ಡ್ ಇತ್ತಾ?" ಅಂದ. ನಮ್ಮ ಕಾಸರಗೋಡಿನ ಕಡೆ ಜಾಗದ ಪತ್ರಕ್ಕೆ ಆಧಾರ ಅಂತಲೇ ಹೇಳುವುದು.

1951ರ ಕಾಗದ. ಮಡಿಕೆಗಳಲ್ಲಿ ಹರಿದಿದೆ. ದುಂಡು ಕನ್ನಡ ಅಕ್ಷರ: ಮದ್ರಾಸು ರಾಜ್ಯ, ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು, ಪೈವಳಿಕೆ ಗ್ರಾಮ. ಕಚೇರಿಯವರಿಗೆ ಕನ್ನಡ ಬಾರದು. ಪಾಪ, ತೆಂಕು ಕೇರಳದಿಂದ ಬಂದವರು, ಅವರನ್ನು ಬೈದು ಏನು ಬಂತು? ಕನ್ನಡ ಓದಬಲ್ಲ ಇನ್ನೊಬ್ಬರು ಊಟಕ್ಕೆ ಹೋಗಿದ್ದರು. ಬೆಂಚಿನಲ್ಲಿ ಕೂತೆವು.

"ಅಜ್ಜ ಮದ್ರಾಸಲ್ಲಿದ್ರಾ?"

ಅಜ್ಜ ಪೈವಳಿಕೆ ಬಿಟ್ಟು ಕದಲಿದವರೇ ಅಲ್ಲ. 1956ರ ನವೆಂಬರ್ 1ಕ್ಕೆ ಅವರ ತೋಟ ಕೇರಳದ ಮಲಬಾರ್ ಜಿಲ್ಲೆಗೆ ಹೋಯಿತು. ಎರಡೇ ತಿಂಗಳಲ್ಲಿ ಆ ಜಿಲ್ಲೆ ಮೂರು ಪಾಲಾಗಿ, ನಾವು ಕಣ್ಣೂರಿನವರಾದೆವು. 1984ರಲ್ಲಿ ಕಾಸರಗೋಡು ಜಿಲ್ಲೆ. 2014ರಲ್ಲಿ ಮಂಜೇಶ್ವರ ತಾಲೂಕು. ನಡುವೆ 1967ರಲ್ಲಿ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಅಂದಿತ್ತು. ಅದು ವರದಿಯಲ್ಲೇ ಉಳಿಯಿತು.

ದೇಶಗಳ ಗಡಿಯೂ ಹೀಗೆ ಸರಿಯುತ್ತದಾ ಅಂತ ಅವನ ಮುಂದಿನ ಪ್ರಶ್ನೆ. ಪಶ್ಚಿಮ ಬಂಗಾಳದ ಕೂಚ್‌ಬೆಹಾರಿನ ಕಥೆ ಹೇಳಿದೆ. ಬಾಂಗ್ಲಾದೇಶದ ಹೊಟ್ಟೆಯೊಳಗೆ ಭಾರತದ 111 ತುಂಡು ನೆಲ, ನಮ್ಮೊಳಗೆ ಅವರ 51. ಒಂದು ಕಡೆಯಂತೂ ಬಾಂಗ್ಲಾದೇಶದೊಳಗೆ ಭಾರತ, ಅದರೊಳಗೆ ಬಾಂಗ್ಲಾದೇಶ, ಮತ್ತೆ ಅದರೊಳಗೆ ಭಾರತದ ಒಂದು ಸೆಣಬಿನ ಹೊಲ! ಒಪ್ಪಂದ ಆದದ್ದು 1974ರಲ್ಲಿ, ಅದಲುಬದಲು ಆದದ್ದು 2015ರ ಜುಲೈ 31ರ ನಡುರಾತ್ರಿ. ಯಾವ ದೇಶ ಬೇಕು ಎಂದು ಅಲ್ಲಿನ ಜನರನ್ನು ಕೇಳಿದ್ದರು.

"ಅಜ್ಜನನ್ನು ಕೇಳಿದ್ರಾ?"

ನಾನು ಸುಮ್ನೆ ಕಾಗದ ಮಡಚಿದೆ. ಎಲ್ಲಿ ಕೇಳಿದರು?

ಊಟ ಮುಗಿಸಿ ಬಂದವರು ಚಕ್ಕುಬಂದಿ ಓದತೊಡಗಿದರು. ಮೂಡುಬದಿಗೆ ತೋಡು. ಇದೆ, ಅಂದೆ. ಬಡಗುಬದಿಗೆ ಕಟ್ಟಪುಣಿ. ಆ ಮಣ್ಣಿನ ಬದುವೂ ಇದೆ. ತೆಂಕುಬದಿಗೆ ಹಲಸಿನ ಮರ.

"ಮರ ಉಂಟಾ?"

"ಹೋದ ಮಳೆಗಾಲದಲ್ಲಿ ಬಿತ್ತು."

ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಹಾಗಾದ್ರೆ ನಿಮ್ಮ ಗಡಿ ಎಲ್ಲಿ?"