ಹಳೆಯ ಫೆಲ್ಟ್ ಹ್ಯಾಟುಗಳ ಮುಗ್ಗಲು ವಾಸನೆ: ಮಳೆಗಾಲದಿಂದ ಬೇಸಿಗೆಯವರೆಗಿನ ಕೆಲಸದ ಟಿಪ್ಪಣಿ

ಜುಲೈ

ಮೂಡಿಗೆರೆ ಕಡೆಯ ಹಳೆಯ ಮನೆಯ ಅಟ್ಟದಿಂದ ಇಳಿಸಿ ಚಿಕ್ಕಮಗಳೂರಿನ ಮನೆಗೆ ತಂದಿರುವ ಮೂರು ಫೆಲ್ಟ್ (ನೇಯದೆ, ಎಳೆಗಳನ್ನು ಒತ್ತಿ ಕೂಡಿಸಿದ ಬಟ್ಟೆ) ಹ್ಯಾಟುಗಳನ್ನು ಮತ್ತೆ ತಲೆಯ ಮೇಲೆ ಇಡುವ ಸ್ಥಿತಿಗೆ ತರುವುದು ಈ ಕೆಲಸದ ಉದ್ದೇಶ. ಮೂರರ ಆಕಾರವೂ ಚೆನ್ನಾಗಿಯೇ ಉಳಿದಿದೆ; ಹುಳು ತಿಂದ ತೂತುಗಳು ಒಂದೆರಡು ಮಾತ್ರ. ತೊಂದರೆಯೆಲ್ಲ ವಾಸನೆಯದು. ಕೋಣೆಯ ಬಾಗಿಲು ತೆಗೆದರೆ ಹ್ಯಾಟು ಕಣ್ಣಿಗೆ ಬೀಳುವ ಮೊದಲೇ ಅದರ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ.

ಮೊದಲನೆಯದು ಡಬಲ್ ಟೆರಾಯ್. ಹಿಮಾಲಯದ ತಪ್ಪಲಿನ ತರಾಯಿ ಪ್ರದೇಶದಿಂದ ಹೆಸರು ಪಡೆದ ಈ ಅಗಲ ಅಂಚಿನ ಹ್ಯಾಟನ್ನು ಬ್ರಿಟಿಷರ ಕಾಲದಲ್ಲಿ ತೋಟದ ದೊರೆಗಳು ಬಿಸಿಲಿಗೆಂದು ಹಾಕುತ್ತಿದ್ದರು; ಒಂದು ಫೆಲ್ಟಿನ ಮೇಲೆ ಇನ್ನೊಂದು ಫೆಲ್ಟನ್ನು ಕೂಡಿಸಿ ಮಾಡಿರುವುದರಿಂದ ಅದಕ್ಕೆ ಡಬಲ್ ಎಂಬ ಹೆಸರು. ಎರಡನೆಯದು ಬೂದು ಬಣ್ಣದ, ಕೈಗೆ ರೇಷ್ಮೆಯಂತೆ ನುಣುಪಾಗಿ ಸಿಗುವ ಮೊಲದ ತುಪ್ಪಳದ ಫೆಲ್ಟು. 1773ರಲ್ಲಿ ಆರಂಭವಾದ ಲಂಡನ್ನಿನ ಕ್ರಿಸ್ಟೀಸ್ ಕಂಪನಿಯ ಹೆಸರು ಅದರ ಒಳಗಿನ ಚರ್ಮದ ಪಟ್ಟಿಯ ಮೇಲೆ ಮಾಸಿದ ಚಿನ್ನದ ಅಕ್ಷರಗಳಲ್ಲಿ ಇನ್ನೂ ಓದಲು ಬರುತ್ತದೆ. ಮೂರನೆಯದು ಒರಟು ಕುರಿ ಉಣ್ಣೆಯದು, ಹೆಸರಿಲ್ಲದ ಪೇಟೆ ಮಾಲು. ಹೊಸ ಉಪಾಯಗಳನ್ನೆಲ್ಲ ಮೊದಲು ಇದರ ಮೇಲೆ ಪ್ರಯೋಗಿಸುವುದೆಂದು ನಿಶ್ಚಯಿಸಿದ್ದೇನೆ.

ಉಣ್ಣೆ ಮತ್ತು ತುಪ್ಪಳದ ವ್ಯತ್ಯಾಸವನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಕೆಲಸದ ವಿಧಾನವೇ ಅದನ್ನು ಅವಲಂಬಿಸಿದೆ. ಕುರಿ ಉಣ್ಣೆಯ ಎಳೆಗಳ ಮೇಲಿನ ಹುರುಪೆಗಳು ನೀರು, ಬಿಸಿ ಮತ್ತು ತಿಕ್ಕಾಟಕ್ಕೆ ಒಂದಕ್ಕೊಂದು ತಾವಾಗಿಯೇ ಸಿಕ್ಕಿಕೊಳ್ಳುತ್ತವೆ. ಮೊಲದ ತುಪ್ಪಳ ಅಷ್ಟು ಸುಲಭವಾಗಿ ಸಿಕ್ಕಿಕೊಳ್ಳದ ಕಾರಣ ಅದನ್ನು ಹಿಂದೆ ಪಾದರಸದ ನೈಟ್ರೇಟ್ ದ್ರಾವಣದಿಂದ ಹದ ಮಾಡುತ್ತಿದ್ದರು. ಹ್ಯಾಟು ಕಾರ್ಖಾನೆಗಳ ಕೆಲಸಗಾರರಿಗೆ ಕೈನಡುಕ ಮತ್ತು ಬುದ್ಧಿಭ್ರಮಣೆ ಬರುತ್ತಿದ್ದುದು ಇದರಿಂದಲೇ. ಅಮೆರಿಕದಲ್ಲಿ ಈ ಪದ್ಧತಿ ನಿಂತದ್ದು 1941ರ ಡಿಸೆಂಬರಿನಲ್ಲಿ. ಹಳೆಯ ತುಪ್ಪಳದ ಹ್ಯಾಟುಗಳಲ್ಲಿ ಪಾದರಸದ ಅಂಶ ಈಗಲೂ ಉಳಿದಿರಬಹುದು, ಬಿಸಿ ತಾಗಿದರೆ ಅದು ಆವಿಯಾಗಿ ಹೊರಬರಬಹುದು. ಆದ್ದರಿಂದ ಕೆಟಲಿನ ಹಬೆಯಲ್ಲಿ ಹಿಡಿಯಿರಿ, ಹೇರ್ ಡ್ರೈಯರಿನಿಂದ ಒಣಗಿಸಿರಿ ಎಂಬ ಸಲಹೆಗಳನ್ನು ಬೂದು ಹ್ಯಾಟಿನ ಮಟ್ಟಿಗೆ ಪೂರ್ತಿ ಬಿಟ್ಟಿದ್ದೇನೆ. ಅದನ್ನು ಮುಟ್ಟುವಾಗ ಕೈಗವಸು, ಕಿಟಕಿ ತೆರೆದ ಜಗಲಿ ಮತ್ತು ಎನ್-95 ಮುಖಗವಸು ಕಡ್ಡಾಯ. ಬೂಷ್ಟಿನ ದೂಳಿನ ದೃಷ್ಟಿಯಿಂದ ಮುಖಗವಸು ಮೂರಕ್ಕೂ ಬೇಕು.

ಮುಗ್ಗಲು ವಾಸನೆ ಎಂದರೆ ಬೂಷ್ಟು ಮತ್ತು ಅದರ ಸಂಗಡ ಬೆಳೆಯುವ ಸೂಕ್ಷ್ಮಜೀವಿಗಳು ಬಿಡುವ ಆವಿಗಳ ಮಿಶ್ರಣ. ಅದರಲ್ಲಿ ಮುಖ್ಯವಾದವು ಅಣಬೆಯ ವಾಸನೆ ಕೊಡುವ ಆಕ್ಟೆನಾಲ್ ಮತ್ತು ಮಣ್ಣಿನ ವಾಸನೆ ಕೊಡುವ ಜಿಯೋಸ್ಮಿನ್. ಕಾಫಿ ಹೂವಿಗೆಂದು ನಾವು ಕಾದು ಕೂರುವ ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಘಮದಲ್ಲಿರುವುದೂ ಇದೇ ಜಿಯೋಸ್ಮಿನ್. ತೋಟದಲ್ಲಿ ಹಿತವಾದದ್ದು ತಲೆಯ ಮೇಲೆ ಕೂತಾಗ ಸಹಿಸಲಾಗದು. ನೀರಿನಲ್ಲಿ ಲಕ್ಷ ಕೋಟಿಗೆ ಕೆಲವೇ ಭಾಗಗಳಷ್ಟಿದ್ದರೂ ಮನುಷ್ಯರ ಮೂಗು ಇದನ್ನು ಗುರುತಿಸುತ್ತದೆ. ಹೀಗಾಗಿ ಮುಕ್ಕಾಲು ಪಾಲು ತೆಗೆದೆವೆಂದರೆ ಏನೂ ತೆಗೆದಂತೆ ಅನಿಸುವುದಿಲ್ಲ.

ಸದ್ಯಕ್ಕೆ ಮಾಡಬಹುದಾದದ್ದು ಬಹಳ ಕಡಿಮೆ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 65–70 ದಾಟಿದರೆ ಬೂಷ್ಟು ಬೆಳೆಯುತ್ತದೆ. ಕೋಣೆಯ ಹೈಗ್ರೋಮೀಟರು ಈ ತಿಂಗಳು 85ರ ಕೆಳಗೆ ಇಳಿದದ್ದೇ ಅಪರೂಪ. ಉಣ್ಣೆ ತನ್ನ ತೂಕದ ಶೇಕಡಾ 30ರಷ್ಟು ನೀರನ್ನು ಹೀರಿಕೊಂಡರೂ ಕೈಗೆ ಒದ್ದೆಯೆನಿಸುವುದಿಲ್ಲ ಎಂಬುದು ಮಳೆಗಾಲದಲ್ಲಿ ಕಂಬಳಿ ಹೊದ್ದು ತೋಟ ತಿರುಗಿದವರಿಗೆ ಗೊತ್ತಿರುವ ಮಾತು. ಮುಟ್ಟಿ ನೋಡಿ ಒಣಗಿದೆ ಎಂದು ತೀರ್ಮಾನಿಸುವುದರಲ್ಲಿ ಅರ್ಥವಿಲ್ಲ.

ಆದ್ದರಿಂದ ಎರಡು ಉಣ್ಣೆಯ ಹ್ಯಾಟುಗಳನ್ನು, ಅಂದರೆ ಟೆರಾಯ್ ಮತ್ತು ಒರಟು ಹ್ಯಾಟನ್ನು, ಮಲೆನಾಡಿನ ಹಳೆಯ ಪದ್ಧತಿಯಂತೆ ಬಲ್ಬು ಉರಿಯುವ ಬೀರುವಿನಲ್ಲಿ ಇಟ್ಟಿದ್ದೇನೆ. ಹಳೆಯ ಮಾದರಿಯ 40 ವಾಟಿನ ಬಲ್ಬು ಬೀರುವಿನ ತಳದಲ್ಲಿ, ಬಟ್ಟೆಗೆ ತಾಗದಂತೆ ತಂತಿಯ ಬಲೆಯೊಳಗೆ ಉರಿಯುತ್ತದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಬಲ್ಬು ನೀರನ್ನು ಹೊರಹಾಕುವುದಿಲ್ಲ, ಒಳಗಿನ ಗಾಳಿಯನ್ನು ನಾಲ್ಕಾರು ಡಿಗ್ರಿ ಬೆಚ್ಚಗೆ ಮಾಡಿ ಸಾಪೇಕ್ಷ ತೇವಾಂಶವನ್ನು ತಗ್ಗಿಸುತ್ತದೆ. ಬೀರುವಿನೊಳಗೆ ಮೀಟರು 60ರ ಆಸುಪಾಸಿನಲ್ಲಿ ನಿಂತಿದೆ. ಬೂದು ಹ್ಯಾಟಿಗೆ ಬಿಸಿ ನಿಷಿದ್ಧವಾದ್ದರಿಂದ ಅದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ಲಿನ ಜೊತೆ ಕೂತಿದೆ. ಬಚ್ಚಲ ಒಲೆಯ ಮೇಲೆ ತೂಗುಹಾಕಿದರೆ ಎರಡೇ ದಿನದಲ್ಲಿ ಒಣಗುತ್ತದೆ ಎಂದು ಮನೆಯಲ್ಲಿ ಹೇಳಿದರು. ಒಣಗುವುದೇನೋ ನಿಜ, ಆದರೆ ಹೊಗೆಯ ವಾಸನೆ ಫೆಲ್ಟಿನಿಂದ ಬಿಡಿಸುವುದು ಮುಗ್ಗಲಿಗಿಂತ ಕಷ್ಟ.

ಆಗಸ್ಟ್ ಮತ್ತು ಸೆಪ್ಟೆಂಬರ್

ನೀರು ತಾಗಿಸದೆ ಮಾಡುವ ಶುಚಿಕೆಲಸ ಮುಗಿದಿದೆ. ವ್ಯಾಕ್ಯೂಮ್ ಕ್ಲೀನರಿನ ಮೂತಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ಕಡಿಮೆ ವೇಗದಲ್ಲಿ ಹೊರಮೈ ಮತ್ತು ಒಳಮೈ ಎರಡನ್ನೂ ಎಳೆದೆ. ಅನಂತರ ಮೃದು ಕೂದಲಿನ ಬ್ರಷ್ಷಿನಿಂದ ನವಿರು ಮಲಗಿರುವ ದಿಕ್ಕಿನಲ್ಲೇ ಉಜ್ಜಿದೆ. ವ್ಯಾಕ್ಯೂಮ್ ಮೊದಲು, ಬ್ರಷ್ ಆಮೇಲೆ ಎಂಬ ಕ್ರಮ ಮುಖ್ಯ, ಇಲ್ಲವಾದರೆ ಬೂಷ್ಟಿನ ಬೀಜಕಣಗಳನ್ನು ನಾವೇ ಫೆಲ್ಟಿನೊಳಗೆ ತಳ್ಳಿದಂತಾಗುತ್ತದೆ.

ಟೆರಾಯ್ ಹ್ಯಾಟಿನ ಚರ್ಮದ ಪಟ್ಟಿಯ ಮೇಲೆ ಬಿಳಿಯ ಪುಡಿಯಂಥ ಪದರವಿತ್ತು. ಹೀಗೆ ಕಂಡದ್ದೆಲ್ಲ ಬೂಷ್ಟಲ್ಲ. ಹದ ಮಾಡುವಾಗ ಚರ್ಮಕ್ಕೆ ಹಾಕಿದ ಕೊಬ್ಬು ವರ್ಷಗಳ ನಂತರ ಮೇಲೆದ್ದು ಬಿಳಿಚಿಕೊಳ್ಳುವುದೂ ಉಂಟು. ಬೆರಳಿನ ಬಿಸಿ ಅಥವಾ ಹೇರ್ ಡ್ರೈಯರಿನ ಮಂದ ಗಾಳಿ ತಾಗಿದಾಗ ಕೊಬ್ಬು ಕರಗಿ ಮಾಯವಾಗುತ್ತದೆ, ಬೂಷ್ಟು ಹಾಗೆಯೇ ಉಳಿಯುತ್ತದೆ. ಇಲ್ಲಿ ಅದು ಕರಗಲಿಲ್ಲ. ಮೂಗನ್ನು ಹತ್ತಿರ ಹಿಡಿದು ಭಾಗಭಾಗವಾಗಿ ಪರೀಕ್ಷಿಸಿದಾಗ ಇನ್ನೊಂದು ಸಂಗತಿಯೂ ಸ್ಪಷ್ಟವಾಯಿತು: ಮೂರು ಹ್ಯಾಟುಗಳಲ್ಲೂ ವಾಸನೆ ಹೆಚ್ಚಾಗಿರುವುದು ಫೆಲ್ಟಿನಲ್ಲಲ್ಲ, ಚರ್ಮದ ಪಟ್ಟಿಯ ಹಿಂಬದಿಯಲ್ಲಿ. ದಶಕಗಳ ಬೆವರು, ತಲೆಗೂದಲಿನ ಎಣ್ಣೆ, ಸತ್ತ ಚರ್ಮ ಎಲ್ಲವೂ ಪಟ್ಟಿ ಮತ್ತು ಫೆಲ್ಟಿನ ನಡುವಿನ ಸಂದಿಯಲ್ಲಿ ಸೇರಿಕೊಂಡು ಬೂಷ್ಟಿಗೆ ಊಟವಾಗಿವೆ. ಹೊರಮೈಗೆ ಏನು ಮಾಡಿದರೂ ಈ ಸಂದಿಯನ್ನು ಮುಟ್ಟದಿದ್ದರೆ ವಾಸನೆ ತಿರುಗಿ ಬರುವುದು ಖಚಿತ.

ಕಾಫಿ ಸೀಮೆಯಲ್ಲಿ ಕಾಫಿ ಪುಡಿಯ ಸಲಹೆ ಬಾರದೆ ಇರುತ್ತದೆಯೇ? ಒರಟು ಹ್ಯಾಟನ್ನು ಕಾಫಿ ಪುಡಿಯ ಬಟ್ಟಲಿನೊಂದಿಗೆ ಡಬ್ಬದಲ್ಲಿ ಮುಚ್ಚಿಟ್ಟೆ. ತೆಗೆದಾಗ ಮೊದಲು ಬಂದದ್ದು ಕಾಫಿಯ ಘಮ. ಜಗಲಿಯಲ್ಲಿ ಒಂದು ದಿನ ಕಳೆಯುವಷ್ಟರಲ್ಲಿ ಘಮ ಹೋಗಿ ಮುಗ್ಗಲು ಯಥಾಸ್ಥಿತಿಯಲ್ಲಿ ಕಾಣಿಸಿಕೊಂಡಿತು. ಪುಡಿ ವಾಸನೆಯನ್ನು ಸ್ವಲ್ಪ ಹೀರಿರಲೂಬಹುದು, ಆದರೆ ಅದರ ಮುಖ್ಯ ಕೆಲಸ ಮರೆಮಾಚುವುದು. ಪುಡಿಯನ್ನು ನೇರವಾಗಿ ಫೆಲ್ಟಿನ ಮೇಲೆ ಉದುರಿಸುವವರೂ ಇದ್ದಾರೆ; ಹುರಿದ ಕಾಫಿಯ ಎಣ್ಣೆ ಕಲೆ ಮಾಡುವುದರಿಂದ ಅದು ಬೇಡವೇ ಬೇಡ. ಲಾವಂಚ, ಊದುಬತ್ತಿ, ಕರ್ಪೂರಗಳನ್ನೂ ಇದೇ ಸಾಲಿಗೆ ಸೇರಿಸುತ್ತೇನೆ, ನುಸಿಗುಳಿಗೆಯನ್ನಂತೂ ಹತ್ತಿರಕ್ಕೂ ಬಿಡುವುದಿಲ್ಲ.

ಪಾರ್ಚ್‌ಮೆಂಟ್ ಕಾಫಿಯನ್ನು (ಹಣ್ಣಿನ ತಿರುಳು ತೆಗೆದು, ಒಳಸಿಪ್ಪೆ ಉಳಿಸಿದ ಬೀಜ) ಶೇಕಡಾ 10ರ ತೇವಕ್ಕೆ ಇಳಿಸದೆ ಚೀಲಕ್ಕೆ ತುಂಬಿದರೆ ಅದೂ ಮುಗ್ಗುತ್ತದೆ, ಆಮೇಲೆ ಎಷ್ಟು ಬಿಸಿಲಿಗೆ ಹರಡಿದರೂ ಬಟ್ಟಲಿನಲ್ಲಿ ಆ ರುಚಿ ಹೋಗುವುದಿಲ್ಲ. ಬೆಳೆಗಾರರು ಮೊದಲು ತೇವ ನೋಡಿ ಆಮೇಲೆ ಉಳಿದದ್ದನ್ನು ಯೋಚಿಸುವುದು ಈ ಕಾರಣಕ್ಕೆ. ಹ್ಯಾಟಿಗೂ ಅದೇ ಕ್ರಮ ಹಿಡಿದಿದ್ದೇನೆ: ತೇವ ಇಳಿಯುವವರೆಗೆ ವಾಸನೆ ಹೀರುವ ಯಾವ ಪದಾರ್ಥವನ್ನೂ ಗಂಭೀರವಾಗಿ ಪ್ರಯೋಗಿಸುವುದಿಲ್ಲ.

ನವೆಂಬರ್

ಮಳೆ ಹಿಂದೆ ಸರಿದು ಮೀಟರು ಹಗಲಿನಲ್ಲಿ 60ಕ್ಕಿಂತ ಕೆಳಗೆ ಬರತೊಡಗಿದ ಮೇಲೆ ಚರ್ಮದ ಪಟ್ಟಿಗಳ ಕೆಲಸ ಆರಂಭವಾಯಿತು. ಪಟ್ಟಿಯನ್ನು ನಿಧಾನವಾಗಿ ಹೊರಕ್ಕೆ ಮಡಚಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿ ಬಟ್ಟೆಯನ್ನು ತೇವ ಮಾಡಿ, ಚೆನ್ನಾಗಿ ಹಿಂಡಿ, ಹಿಂಬದಿಯನ್ನು ಒರೆಸಿದೆ. ಶುದ್ಧ ಆಲ್ಕೊಹಾಲಿಗಿಂತ ನೀರು ಬೆರೆತ ಶೇಕಡಾ 70ರದ್ದೇ ಬೂಷ್ಟಿನ ಮೇಲೆ ಹೆಚ್ಚು ಪರಿಣಾಮಕಾರಿ, ಏಕೆಂದರೆ ಅದು ಬೇಗ ಆರದೆ ಜೀವಕೋಶದ ಒಳಕ್ಕೆ ಇಳಿಯಲು ಸಮಯ ಸಿಗುತ್ತದೆ. ಒರೆಸುವ ಮೊದಲು ಪಟ್ಟಿಯ ಅಡಿ ಬರುವ, ಹೊರಗೆ ಕಾಣದ ಒಂದು ಮೂಲೆಯಲ್ಲಿ ಬಣ್ಣ ಬಿಡುತ್ತದೆಯೇ ಎಂದು ನೋಡಲೇಬೇಕು. ಟೆರಾಯ್ ಹ್ಯಾಟಿನ ಕಂದು ಬಣ್ಣ ಬಟ್ಟೆಗೆ ಸ್ವಲ್ಪ ಅಂಟಿದ್ದರಿಂದ ಅದರ ಫೆಲ್ಟಿಗೆ ಆಲ್ಕೊಹಾಲ್ ಸೋಕಿಸಲಿಲ್ಲ. ದ್ರಾವಣ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಬಲ್ಬಿನ ಬೀರುವನ್ನು ಆ ವಾರ ಆರಿಸಿಯೇ ಇಟ್ಟಿದ್ದೆ. ಆಲ್ಕೊಹಾಲ್ ಚರ್ಮದ ಎಣ್ಣೆಯನ್ನೂ ತೆಗೆಯುವ ಕಾರಣ, ಆರಿದ ಮೇಲೆ ಚರ್ಮಕ್ಕೆ ಹಚ್ಚುವ ಕ್ರೀಮನ್ನು ಅತಿ ತೆಳುವಾಗಿ ಸವರಿದೆ. ಇಲ್ಲಿ ಕೊಬ್ಬರಿ ಎಣ್ಣೆ ಸವರುವುದು ವಾಡಿಕೆಯಾದರೂ ಅದು ಕಮಟುವುದರಿಂದ ಹೊಸದೊಂದು ವಾಸನೆಗೆ ನಾವೇ ಬೀಜ ಬಿತ್ತಿದಂತೆ.

ಅನಂತರದ ಸರದಿ ಇದ್ದಿಲಿನದು. ಅರಸೀಕೆರೆ ಸೀಮೆಯಲ್ಲಿ ತೆಂಗಿನ ಕರಟಕ್ಕೆ ಬರವಿಲ್ಲ, ಕರಟದ ಇದ್ದಿಲೂ ಸುಲಭವಾಗಿ ಸಿಗುತ್ತದೆ. ಆದರೆ ಸುಟ್ಟ ಇದ್ದಿಲು ಬೇರೆ, ಆಕ್ಟಿವೇಟೆಡ್ ಕಾರ್ಬನ್ ಬೇರೆ. ಅದೇ ಕರಟದ ಇದ್ದಿಲನ್ನು 800 ಡಿಗ್ರಿಗೂ ಮೀರಿದ ಶಾಖದಲ್ಲಿ ಹಬೆ ಹಾಯಿಸಿ ಹದಗೊಳಿಸಿದಾಗ ಅದರೊಳಗೆ ಅಸಂಖ್ಯ ಸೂಕ್ಷ್ಮ ರಂಧ್ರಗಳು ತೆರೆದುಕೊಂಡು, ಒಂದು ಗ್ರಾಮಿನ ಒಳಮೈ ವಿಸ್ತೀರ್ಣ ಸುಮಾರು ಸಾವಿರ ಚದರ ಮೀಟರಿಗೆ ಮುಟ್ಟುತ್ತದೆ. ಅಲಂಕಾರಿಕ ಮೀನು ಮಾರುವ ಅಂಗಡಿಯಲ್ಲಿ ಫಿಲ್ಟರಿಗೆಂದು ಸಿಗುವ ಹರಳಿನ ರೂಪದ ಕಾರ್ಬನ್ನನ್ನು ತಂದು, ದೂಳು ಹೋಗುವವರೆಗೆ ತೊಳೆದು, ಪೂರ್ತಿ ಒಣಗಿಸಿ, ಹಳೆಯ ಪಂಚೆಯ ಬಟ್ಟೆಯಲ್ಲಿ ಗಂಟು ಕಟ್ಟಿ ಪ್ರತಿ ಡಬ್ಬದಲ್ಲಿ ಇಟ್ಟೆ. ಹ್ಯಾಟುಗಳು ಅಂಚಿನ ಮೇಲೆ ಕೂರದಂತೆ, ತಲೆಭಾಗ ಕೆಳಗಾಗಿ ಬಟ್ಟಲುಗಳ ಮೇಲೆ ನಿಂತಿವೆ.

ಅಡುಗೆ ಸೋಡಾವನ್ನೂ ಒರಟು ಹ್ಯಾಟಿನೊಂದಿಗೆ ಬೇರೆಯಾಗಿ ನೋಡಿದೆ. ಬೆವರಿನ ಹುಳಿ ವಾಸನೆ ಆಮ್ಲದ್ದಾದ್ದರಿಂದ ಸೋಡಾ ಅದನ್ನು ಚೆನ್ನಾಗಿಯೇ ಇಳಿಸಿತು. ಜಿಯೋಸ್ಮಿನ್ ಆಮ್ಲವಲ್ಲ, ಮಣ್ಣಿನ ವಾಸನೆ ಕದಲಲಿಲ್ಲ. ಸೋಡಾ ಬಟ್ಟಲಿನಲ್ಲೇ ಇರಬೇಕು, ನವಿರಿನೊಳಗೆ ಇಳಿದ ಪುಡಿಯನ್ನು ಮತ್ತೆ ತೆಗೆಯುವುದು ಸುಲಭವಲ್ಲ. ಓಜೋನ್ ಯಂತ್ರದ ಪ್ರಸ್ತಾಪವೂ ಬಂದಿತ್ತು. ಓಜೋನ್ ಚರ್ಮ ಮತ್ತು ಬಣ್ಣಗಳನ್ನೂ ಉತ್ಕರ್ಷಿಸುತ್ತದೆ, ಉಸಿರಿಗೂ ಕೆಟ್ಟದ್ದು; ಇಷ್ಟು ಹಳೆಯ ವಸ್ತುವಿಗೆ ನಾನು ಅದನ್ನು ಒಪ್ಪುವುದಿಲ್ಲ.

ಫೆಬ್ರವರಿ

ಪರೀಕ್ಷೆಯ ವಿಧಾನವನ್ನು ಈ ಅವಧಿಯಲ್ಲಿ ಬಿಗಿಗೊಳಿಸಿದ್ದೇನೆ. ಒಂದೇ ವಾಸನೆಯನ್ನು ದಿನವೂ ಮೂಸುವವರ ಮೂಗು ಅದಕ್ಕೆ ಒಗ್ಗಿಹೋಗುವುದರಿಂದ ನನ್ನ ತೀರ್ಪನ್ನು ನಂಬುವಂತಿಲ್ಲ. ಒಗೆದ ಹತ್ತಿ ಬಟ್ಟೆಯ ತುಂಡುಗಳನ್ನು ಹ್ಯಾಟಿನ ಡಬ್ಬಗಳಲ್ಲಿಯೂ, ಏನೂ ಇಲ್ಲದ ಒಂದು ಡಬ್ಬದಲ್ಲಿಯೂ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಕಾಫಿಗೆ ಮುಂಚೆ ಅತ್ತಿಗೆಯವರಿಗೆ ಯಾವುದು ಯಾವುದರದ್ದೆಂದು ಹೇಳದೆ ಕೊಡುತ್ತೇನೆ. ಬೂದು ಹ್ಯಾಟಿನ ಬಟ್ಟೆಯನ್ನೂ ಖಾಲಿ ಡಬ್ಬದ ಬಟ್ಟೆಯನ್ನೂ ಅವರಿಗೆ ಈಗ ಬೇರ್ಪಡಿಸಲಾಗುತ್ತಿಲ್ಲ. ಒರಟು ಹ್ಯಾಟಿನದ್ದನ್ನು “ಕುರಿ ಕಂಬಳಿ” ಎಂದರು. ಅದು ಉಣ್ಣೆಯ ಸಹಜ ವಾಸನೆಯಾದ್ದರಿಂದ ಅಲ್ಲಿಗೆ ಆ ಕೆಲಸ ಮುಗಿದಂತೆ. ಟೆರಾಯ್ ಬಟ್ಟೆಯನ್ನು ಮಾತ್ರ ಮೂಸಿದ ಕ್ಷಣದಲ್ಲೇ ದೂರ ಸರಿಸಿದರು.

ಕಾರಣ ಆ ಎರಡು ಪದರಗಳ ನಡುವಿನ ಜಾಗ. ಅಲ್ಲಿಗೆ ಬ್ರಷ್ಷೂ ಹೋಗದು, ವ್ಯಾಕ್ಯೂಮೂ ಹೋಗದು, ಹೊರಗಿನ ಗಾಳಿ ತಾನಾಗಿ ಆಡದು. ಹೊಲಿಗೆ ಬಿಚ್ಚಿ ಬೇರ್ಪಡಿಸುವ ಆಲೋಚನೆಯನ್ನು ಕೈಬಿಟ್ಟೆ, ಏಕೆಂದರೆ ಹಳೆಯ ಸೂಜಿತೂತುಗಳ ಉದ್ದಕ್ಕೆ ಫೆಲ್ಟು ಹರಿಯುವ ಸಂಭವವಿದೆ. ಬದಲಿಗೆ ತಲೆಭಾಗದ ಎರಡೂ ಬದಿಯಲ್ಲಿರುವ ಗಾಳಿಕಂಡಿಗಳನ್ನು ಬಳಸಿಕೊಂಡಿದ್ದೇನೆ: ಕಂಪ್ಯೂಟರಿನ ಸಣ್ಣ ಫ್ಯಾನನ್ನು ರಟ್ಟಿನ ಕೊಳವೆಗೆ ಜೋಡಿಸಿ, ಒಂದು ಕಂಡಿಯಿಂದ ತಣ್ಣನೆಯ ಒಣಗಾಳಿ ಒಳಹೋಗಿ ಇನ್ನೊಂದರಿಂದ ಹೊರಬರುವಂತೆ ಮಾಡಿದೆ. ಮಧ್ಯಾಹ್ನದ ಮೀಟರು 40ರ ಆಸುಪಾಸಿಗೆ ಇಳಿಯುವ ಈ ತಿಂಗಳಲ್ಲಿ, ಕಣದಲ್ಲಿ ಕಾಫಿ ಒಣಗುವ ಹೊತ್ತಿಗೆ, ಜಗಲಿಯ ನೆರಳಿನಲ್ಲಿ ಇದೂ ನಡೆಯುತ್ತದೆ. ಬಿಸಿಲಿಗೆ ಇಡುವುದು ಬೆಳಗಿನ ಎಳೆಬಿಸಿಲಿನ ಅರ್ಧ ಗಂಟೆ ಮಾತ್ರ, ಅದೂ ಒಳಭಾಗ ಮೇಲಾಗಿ, ಚರ್ಮದ ಪಟ್ಟಿಗೆ ತೆಳು ಬಟ್ಟೆ ಮುಚ್ಚಿ. ಹೆಚ್ಚಾದರೆ ಬಣ್ಣ ಹಾರುತ್ತದೆ, ಚರ್ಮ ಬಿರಿಯುತ್ತದೆ.

ಎರಡು ವಾರಗಳ ಈ ಗಾಳಿಯ ನಂತರ ವಾಸನೆ ಒಂದು ಮೆಟ್ಟಿಲು ಇಳಿದಿದೆ. ಡಬ್ಬದ ಬಟ್ಟೆಯಲ್ಲಿ ಈಗ ಗುರುತಿಸಲು ಸ್ವಲ್ಪ ಯೋಚಿಸಬೇಕಾಗುತ್ತದೆ ಎಂದು ಅತ್ತಿಗೆಯವರ ವರದಿ. ಆದರೆ ಹ್ಯಾಟನ್ನು ತಲೆಗೆ ಹಾಕಿ ಬಿಸಿಲಿನಲ್ಲಿ ತೋಟ ಸುತ್ತಿದಾಗ ಅದು ಮತ್ತೆ ಏಳುತ್ತದೆ. ಬಿಸಿ ಮತ್ತು ಬೆವರಿನ ತೇವ ಎರಡೂ ಸೇರಿದಾಗ ಎಳೆಗಳಲ್ಲಿ ಹಿಡಿದಿದ್ದ ಆವಿ ಹೊರಬರುವುದು ಸಹಜ. ತಣ್ಣನೆಯ ಡಬ್ಬದಲ್ಲಿ ಪಾಸಾದದ್ದೆಲ್ಲ ತಲೆಯ ಮೇಲೆ ಪಾಸಾಗುವುದಿಲ್ಲ. ಟೆರಾಯ್ ಹ್ಯಾಟಿನ ಗಾಳಿಯ ಕೆಲಸವನ್ನು ಮಾರ್ಚಿನಲ್ಲಿಯೂ ಮುಂದುವರಿಸುತ್ತೇನೆ, ನಡುನಡುವೆ ಹೊಸ ಕಾರ್ಬನ್ ಗಂಟಿನೊಂದಿಗೆ ಡಬ್ಬಕ್ಕೆ ಹಾಕುತ್ತೇನೆ. ಹೂಮಳೆ ಬಿದ್ದು ತೇವ ಏರುವ ಮೊದಲು ಅದು ಮುಗಿಯಬೇಕು.

ಉಳಿದ ಎರಡು ಹ್ಯಾಟುಗಳು ಶೇಖರಣೆಯ ಹಂತಕ್ಕೆ ಬಂದಿವೆ. ಮತ್ತೆ ಅಟ್ಟಕ್ಕೆ ಹೋಗುವ ಪ್ರಶ್ನೆಯೇ ಇಲ್ಲ. ರಬ್ಬರ್ ಅಂಚಿನ ಮುಚ್ಚಳವಿರುವ ಡಬ್ಬ, ಅದರೊಳಗೆ ಬಣ್ಣ ಬದಲಿಸುವ ಜಾತಿಯ ಅರ್ಧ ಕಿಲೋ ಸಿಲಿಕಾ ಜೆಲ್, ಹೊರಗಿನಿಂದಲೇ ಓದಬಹುದಾದ ಸಣ್ಣ ಹೈಗ್ರೋಮೀಟರು, ಇಷ್ಟು ವ್ಯವಸ್ಥೆ. ಗುರಿ 50, ತೀರಾ ಕೆಳಗೆ ಇಳಿದರೆ ಚರ್ಮ ಸುಕ್ಕುಗಟ್ಟುವುದರಿಂದ 45 ತಲುಪಿದ ಕೂಡಲೇ ಜೆಲ್ಲಿನ ಅರ್ಧವನ್ನು ಹೊರಗೆ ತೆಗೆಯುತ್ತೇನೆ. ಮೇ ಕೊನೆಯಲ್ಲಿ ಜೆಲ್ಲನ್ನು ಓವೆನ್ನಿನಲ್ಲಿ 120 ಡಿಗ್ರಿಗೆ ಒಣಗಿಸಿ ತುಂಬಿಸುವುದು, ಮಳೆಗಾಲದಲ್ಲಿ ಮೀಟರು 60 ಮುಟ್ಟಿದಾಗಲೆಲ್ಲ ಅದನ್ನೇ ಪುನರಾವರ್ತಿಸುವುದು ಎಂದು ಡಬ್ಬದ ಮುಚ್ಚಳದ ಮೇಲೆ ಬರೆದು ಅಂಟಿಸಿದ್ದೇನೆ.