ನನ್ನ ಕೈಯ ಗಂಟಿಗೆ ನಾನೇ ಸ್ಲೈಡ್ ಮಾಡಿದೆ

ಮುಂಗೈಯಲ್ಲಿ ಕಡಲೆಕಾಳಿನಷ್ಟಿದ್ದ ಗಂಟು ಎರಡು ವರ್ಷದಲ್ಲಿ ಅಡಿಕೆಯಷ್ಟಾಯಿತು. ಮೊದಲು ತೋರಿಸಿದ ಕಡೆ ‘ಕೊಬ್ಬಿನ ಗಂಟು, ಸುಮ್ನೆ ಬಿಡಿ’ ಅಂದರು. ಬಿಟ್ಟೆ. ಆದರೆ ಏನಾದರೂ ತಗುಲಿದರೆ ಸಾಕು, ಕಿರುಬೆರಳಿನ ತನಕ ಕರೆಂಟ್ ಹೊಡೆದ ಹಾಗೆ ಜುಂ ಅನ್ನುತ್ತಿತ್ತು. ಇನ್ನೊಂದು ವಿಚಿತ್ರ: ಗಂಟು ಅಡ್ಡಕ್ಕೆ ಅಲುಗಾಡುತ್ತಿತ್ತು, ಉದ್ದಕ್ಕೆ ಜಪ್ಪಯ್ಯ ಅಂದರೂ ಇಲ್ಲ. ನರಕ್ಕೆ ಕಚ್ಚಿಕೊಂಡ ಗಂಟಿನ ಗುಣವೇ ಅದು.

ಆಪರೇಷನ್ ಆಯಿತು. ತುಂಡು ಬಂದಿದ್ದು ಬಳ್ಳಾರಿಯಲ್ಲಿ ನಾನು ಕೆಲಸ ಮಾಡುವ ಲ್ಯಾಬಿಗೇ. ಹೊಲಿಗೆ ಬಿಚ್ಚಿಸಿಕೊಂಡು ಕೆಲಸಕ್ಕೆ ಹೋದ ದಿನ ನನ್ನದೇ ಬ್ಲಾಕ್, ಅಂದರೆ ಮೇಣದಲ್ಲಿ ಹುದುಗಿಸಿದ ಗಂಟಿನ ತುಂಡು, ಕೈಗೆ ಬಂತು. ನಮ್ಮೂರಿನ ಮೇ ತಿಂಗಳ ಸೆಕೆಗೆ ಮೇಣದ ಬ್ಲಾಕ್ ಮೆತ್ತಗಾಗಿ ಕತ್ತರಿಸಿದ ತೆಳು ಪದರ (ಸೆಕ್ಷನ್) ಮುದುರಿಕೊಳ್ಳುತ್ತದೆ. ಐಸ್ ಮೇಲಿಟ್ಟು, 4 ಮೈಕ್ರಾನ್‌ಗೆ ಕತ್ತರಿಸಿ, ಬಣ್ಣ ಹಾಕಿದೆ.

ಲ್ಯಾಬಿನ ಡಾಕ್ಟರು ಮೈಕ್ರೋಸ್ಕೋಪ್ ಬಿಟ್ಟುಕೊಟ್ಟು ‘ನೋಡು, ನಿನ್ನ ಕೈ’ ಅಂದರು. ನೇರಳೆ ಬಣ್ಣದ ಕೋಶಕೇಂದ್ರಗಳು ಎರಡು ಸಾಲು ನಿಂತಿವೆ, ನಡುವೆ ಗುಲಾಬಿ ಪಟ್ಟಿ. ನಮ್ಮ ಓಣಿಯಲ್ಲಿ ಹೊಲಿಯುವ ಜೀನ್ಸ್‌ನ ಡಬಲ್ ಸ್ಟಿಚ್ ಥೇಟ್ ಹೀಗೇ ಇರುತ್ತದೆ! ಇದನ್ನು 1910ರಲ್ಲಿ ಬರೆದಿಟ್ಟವರು ಹೊಸೆ ವೆರೊಕೆ ಅನ್ನುವ ವೈದ್ಯರು. ಇವತ್ತಿಗೂ ವೆರೊಕೆ ಬಾಡಿ ಅಂತಲೇ ಹೆಸರು. ಕೋಶಗಳು ಒತ್ತೊತ್ತಾಗಿರುವ ಜಾಗಕ್ಕೆ ಆಂಟೋನಿ ಎ ಅಂತ ಹೆಸರು, ಸಡಿಲವಾಗಿ ನೀರು ನೀರಾಗಿರುವುದು ಆಂಟೋನಿ ಬಿ. ಸುತ್ತಲೂ ತೆಳ್ಳನೆಯ ಕವಚ.

ರಿಪೋರ್ಟ್‌ನಲ್ಲಿ ‘ಶ್ವಾನೋಮಾ’ ಅಂತಿತ್ತು. ಅವ್ವ ಹೆದರಿ, ‘ಶ್ವಾನ ಅಂದರೆ ನಾಯಿ ಅಲ್ವಾ, ಯಾವಾಗ ಕಚ್ಚಿತ್ತು?’ ಅಂದಳು. ನಾಯಿ ಅಲ್ಲ, ಥಿಯೋಡೋರ್ ಶ್ವಾನ್ ಅನ್ನುವ ಜರ್ಮನ್ ವಿಜ್ಞಾನಿ. ನರದ ಎಳೆಗೆ ವೈರಿನ ಪ್ಲಾಸ್ಟಿಕ್ಕಿನ ಹಾಗೆ ಸುತ್ತಿಕೊಳ್ಳುವ ಕೋಶಗಳಿಗೆ ಅವರ ಹೆಸರು.

ಗಂಟು ಹುಟ್ಟಿದ್ದು ಆ ಸುತ್ತಿನಲ್ಲಿ, ತಂತಿಯಲ್ಲಲ್ಲ. ದೊಡ್ಡವರಲ್ಲಿ ನರಕೋಶ ಸಾಮಾನ್ಯವಾಗಿ ಒಡೆದು ಎರಡಾಗುವುದಿಲ್ಲ, ಅದನ್ನು ಸಾಕುವ ಕೋಶಗಳು ಆಗುತ್ತವೆ. ಮಿದುಳಿನ ಗ್ಲಯೋಮಾ ಕೂಡ ಅಂಥ ಆಸರೆಯ ಕೋಶಗಳ ಗಡ್ಡೆಯೇ. ಶ್ವಾನೋಮಾದಲ್ಲಿ ನರ ಪಕ್ಕಕ್ಕೆ ಸರಿದು ಕವಚದ ಮೇಲೆ ಹಾದುಹೋಗುತ್ತದೆ. ಹಾಗಾಗಿ ಆಪರೇಷನ್ ಮಾಡಿದ ಡಾಕ್ಟರು ನರ ಉಳಿಸಿ, ಸಿಪ್ಪೆಯಿಂದ ಅವರೆಕಾಳು ಹಿಚುಕಿದ ಹಾಗೆ ಗಂಟು ತೆಗೆದರು. ನ್ಯೂರೋಫೈಬ್ರೋಮಾ ಅನ್ನುವ ಇನ್ನೊಂದು ಬಗೆಯ ನರದ ಗಂಟು ಆಗಿದ್ದರೆ ಕಷ್ಟವಿತ್ತು. ಅದರಲ್ಲಿ ಶ್ವಾನ್ ಕೋಶ, ನಾರಿನ ಕೋಶ, ನರದ ಎಳೆ ಎಲ್ಲ ಕಲಸುಮೇಲೋಗರ. ಕವಚವೂ ಇರುವುದಿಲ್ಲ.

ಅವ್ವನಿಗೆ ಇಷ್ಟೆಲ್ಲ ಹೇಳಿದೆ. ‘ಕೈ ಆಡುತ್ತಲ್ಲ, ಸಾಕು ಬಿಡು’ ಅಂದಳು. ಆಡುತ್ತದೆ. ಕಿರುಬೆರಳಿನ ತುದಿ ಮಾತ್ರ ಇನ್ನೂ ಸ್ವಲ್ಪ ಜೋಮು ಹಿಡಿದ ಹಾಗಿದೆ.