ರಾತ್ರಿ 9ರ ಮಾತ್ರೆ

ನನಗೆ ಎಚ್‌ಐವಿ ಇದೆ. ಅದಕ್ಕೆ ಕೊಡುತ್ತಿದ್ದ ಮೊದಲಿನ ಮಾತ್ರೆಯಲ್ಲಿ ಎಫಾವಿರೆಂಜ್ ಅನ್ನೋ ಔಷಧಿ ಇತ್ತು. ನುಂಗಿ ಮಲಗಿದರೆ ತಲೆ ಗಿರ್ರನೆ ತಿರುಗುತ್ತಿತ್ತು. ಕನಸುಗಳಂತೂ ಬೆವರಿ ಎದ್ದು ಕೂರುವಂಥವು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೊರಟರೆ ಗೋಡೆ ಹಿಡಿದು ಮೆಟ್ಟಿಲು ಇಳಿಯಬೇಕು. ಆಮೇಲೆ ಡೊಲುಟೆಗ್ರಾವಿರ್ ಅನ್ನೋ ಬೇರೆ ಔಷಧಿ ಇರುವ ಮಾತ್ರೆಗೆ ಬದಲಾಯಿಸಿದರು. ಕನಸು ನಿಂತವು. ತೂಕ ಮಾತ್ರ ಏರಿತು, ರವಿಕೆ ಹೊಲಿಗೆ ಎರಡು ಸಲ ಬಿಚ್ಚಿಸಿದೆ.

ಮಗು ಬೇಕು ಅಂದಾಗ ಯಾರೋ ಹೆದರಿಸಿದರು, ಈ ಮಾತ್ರೆಯಿಂದ ಮಗುವಿನ ಬೆನ್ನುಹುರಿಗೆ ತೊಂದರೆ ಅಂತ. ಎರಡು ರಾತ್ರಿ ನಿದ್ದೆಯಿಲ್ಲ. ಆದರೂ ಮಾತ್ರೆ ಬಿಡಲಿಲ್ಲ, ಸದ್ಯ! ಹಾಸನದ ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿಗೆ ಚಿಕಿತ್ಸೆ ಕೊಡುವ ಕಡೆ, ಕೌನ್ಸೆಲರ್ ಮೇಡಂ ಕೂರಿಸಿಕೊಂಡು ಬಿಡಿಸಿ ಹೇಳಿದರು. 2018ರಲ್ಲಿ ಬೋಟ್ಸ್ವಾನಾದಲ್ಲಿ ಅಂಥ ಅನುಮಾನ ಎದ್ದಿದ್ದು ನಿಜ. ಇನ್ನೂ ಜಾಸ್ತಿ ಹೆರಿಗೆಗಳನ್ನು ಲೆಕ್ಕ ಹಾಕುತ್ತಾ ಹೋದಂತೆ, ಬೇರೆ ಮಾತ್ರೆಗಳಿಗೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಉಳಿಯಲಿಲ್ಲ. 2019ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಾಗುವ ವಯಸ್ಸಿನ ಹೆಂಗಸರಿಗೂ ಇದನ್ನೇ ಕೊಡಿ ಎಂದಿತು.

ಬಸುರಿಯಾದಾಗ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಇದರ ಜೊತೆ ನುಂಗಬಾರದು, ಔಷಧಿ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಕ್ಯಾಲ್ಸಿಯಂ ಕೂಡ ಅಷ್ಟೇ. ಅದಕ್ಕೇ ಕಬ್ಬಿಣದ್ದನ್ನು ಮಧ್ಯಾಹ್ನ 1 ಗಂಟೆಗೆ ಮುದ್ದೆ ಊಟ ಆದಮೇಲೆ, ಇದನ್ನು ರಾತ್ರಿ 9ಕ್ಕೆ ತಗೊಂಡೆ.

ಮಗಳಿಗೆ 18 ತಿಂಗಳಾದಾಗ ಎಚ್‌ಐವಿಗೆ ಕೊನೆಯ ರಕ್ತಪರೀಕ್ಷೆ ಮಾಡಿದರು. ನೆಗೆಟಿವ್. ಆ ಚೀಟಿ ಇವತ್ತಿಗೂ ದೇವರ ಗೂಡಲ್ಲಿದೆ.